ಎಲ್ಲರಿಗೂ ಇಪ್ಪತ್ತೇಳು

ಪೆನ್ಸಿಲಕ್ಕನಿಗೆ ಸಿಟ್ಟು ಬಂದಿದೆ ಎಂದು ಆಫೀಸಿನಲ್ಲಿ ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅವಳ ಮೇಜಿನಿಂದ ಮೆಂಡರ್ ತಿರುಗುವ ಕರಕರ ಸದ್ದು ಕೇಳಿದರೆ ಸಾಕು, ಸುತ್ತಲಿನವರು ಹರಟೆ ನಿಲ್ಲಿಸಿ ತಮ್ಮ ತಮ್ಮ ಪರದೆಗೆ ಮುಖ ಅಂಟಿಸಿಕೊಳ್ಳುತ್ತಿದ್ದರು. ಮೊನೆ ಚೂಪಾಗಿಯೇ ಇದ್ದರೂ ಹೆರೆಯುತ್ತಿದ್ದಳು. ಸಿಟ್ಟು ದೊಡ್ಡದಾದಷ್ಟೂ ಪೆನ್ಸಿಲ್ ಗಿಡ್ಡವಾಗುತ್ತಿತ್ತು. ಅವಳ ಡ್ರಾಯರಿನಲ್ಲಿ ಹೆಬ್ಬೆರಳುದ್ದದ ತುಂಡುಗಳೇ ಒಂದು ಡಬ್ಬಿ ತುಂಬ ಇದ್ದವು. ಅವುಗಳಲ್ಲಿ ಮುಕ್ಕಾಲು ಪಾಲು ಮಾಲೀಕನ ಕೃಪೆ.

ಅವಳ ಕೆಲಸ ವೆಬ್‌ಸೈಟುಗಳ ವಿನ್ಯಾಸ. ಗಾಜಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಮೂರು ಕೋಣೆಗಳ ಒಂದು ಆಫೀಸು. ಕೆಳಗೆ ದಿನವಿಡೀ ಗಾಜು ಕುಯ್ಯುವ ಸದ್ದು, ಮೇಲೆ ಕೀಲಿಮಣೆಗಳ ಸದ್ದು. ಉಳಿದವರೆಲ್ಲ ಕೆಲಸ ಬಂದ ಕೂಡಲೇ ಕಂಪ್ಯೂಟರ್ ತೆರೆದು ಬಣ್ಣ ಹುಡುಕಲು ಕೂತರೆ, ನಲವತ್ತನಾಲ್ಕರ ಈ ಹೆಂಗಸು ಬಿಳಿ ಹಾಳೆ ಎಳೆದುಕೊಂಡು ಪೆನ್ಸಿಲಿನಲ್ಲಿ ಚೌಕ ಬರೆಯುತ್ತಿದ್ದಳು. ಅದಕ್ಕೇ ಆ ಹೆಸರು ಬಂದು, ಹದಿನೆಂಟು ವರ್ಷದಲ್ಲಿ ನಿಜವಾದ ಹೆಸರನ್ನು ನುಂಗಿಹಾಕಿತ್ತು.

ಅವಳು ಬರೆಯುತ್ತಿದ್ದುದಕ್ಕೆ ಅವರ ಮಾತಿನಲ್ಲಿ ವೈರ್‌ಫ್ರೇಮ್ ಎನ್ನುತ್ತಾರೆ. ಮತ್ತೇನಲ್ಲ, ಪುಟದ ಎಲುಬಿನ ಗೂಡು. ಹೆಸರು ಬರೆಯುವುದು ಇಲ್ಲಿ, ಒತ್ತುವ ಬಟನ್ ಇಲ್ಲಿ, ತಪ್ಪಿದರೆ ಹಿಂದಕ್ಕೆ ಹೋಗುವ ದಾರಿ ಇಲ್ಲಿ. ಬಣ್ಣವಿಲ್ಲ, ಚಿತ್ರವಿಲ್ಲ. ಆ ಗೂಡುಗಳನ್ನು ಒಂದಕ್ಕೊಂದು ಪೋಣಿಸಿ, ಒತ್ತಿದರೆ ಮುಂದಿನ ಪುಟ ಬರುವ ಹಾಗೆ ಮಾಡಿದರೆ ಅದು ಪ್ರೋಟೊಟೈಪ್. ನೋಡುವುದಕ್ಕೆ ಎಲ್ಲ ನಡೆಯುತ್ತದೆ, ಆದರೆ ಹಿಂದೆ ಏನೂ ಇರುವುದಿಲ್ಲ. ನೀವು ಬರೆದ ಹೆಸರು ಎಲ್ಲಿಗೂ ಹೋಗುವುದಿಲ್ಲ, ಯಾರೂ ಓದುವುದಿಲ್ಲ. ಜನ ಎಲ್ಲಿ ಎಡವುತ್ತಾರೆ ಎಂದು ನೋಡುವುದಕ್ಕಾಗಿ ಎರಡು ದಿನದಲ್ಲಿ ಮಾಡಿ, ನೋಡಿಯಾದ ಮೇಲೆ ಬಿಸಾಡುವ ವಸ್ತು ಅದು.

ಈ ಬುದ್ಧಿಯನ್ನು ಅವಳಿಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಅದು ಅಮ್ಮನಿಂದ ಬಂದದ್ದು. ಅಮ್ಮ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಹಳೇ ಪತ್ರಿಕೆಗಳ ರಾಶಿ. ಬಟ್ಟೆಗೆ ಕತ್ತರಿ ಹಾಕುವ ಮೊದಲು ಪತ್ರಿಕೆಯನ್ನು ಕತ್ತರಿಸಿ ಮೈಮೇಲೆ ಹಿಡಿದು ನೋಡುತ್ತಿದ್ದಳು. ಆಮೇಲೆ, ಮುಂದೆ ಬಿಚ್ಚುವುದಕ್ಕೆಂದೇ ಹಾಕುವ ಕಚ್ಚಾ ಹೊಲಿಗೆ, ದೂರ ದೂರದ ಟಾಕುಗಳು, ಅದೂ ಬಿಳಿ ದಾರದಲ್ಲೇ. ಬಿಳಿ ಬಟ್ಟೆಯಾದರೆ ಕೆಂಪು ದಾರ. ಬಟ್ಟೆಯ ಬಣ್ಣದ ದಾರದಲ್ಲಿ ಕಚ್ಚಾ ಹೊಲಿಗೆ ಹಾಕುವುದು ಅವಳ ಪಾಲಿಗೆ ಮೋಸ.

ಅದಕ್ಕೊಂದು ಕಾರಣವಿತ್ತು. ಕೆಲಸ ಕಲಿತ ಹೊಸದರಲ್ಲಿ ಅವಳು ಒಬ್ಬ ಗಿರಾಕಿಯ ಕಪ್ಪು ಕೋಟಿಗೆ ಕಪ್ಪು ದಾರದಲ್ಲೇ ಕಚ್ಚಾ ಹೊಲಿಗೆ ಹಾಕಿ ನೇತುಹಾಕಿದ್ದಳು. ಅವಳಿಲ್ಲದ ಹೊತ್ತಿನಲ್ಲಿ ಆ ಮನುಷ್ಯ ಬಂದು, ತಯಾರಾಗಿದೆ ಎಂದುಕೊಂಡು ತೆಗೆದುಕೊಂಡು ಹೋದ. ಮಾರನೇ ದಿನ ಕೆಲಸದ ಸಂದರ್ಶನದಲ್ಲಿ ಕೈಕುಲುಕಲು ತೋಳು ಚಾಚಿದ್ದೇ ತಡ, ತೋಳು ಕೋಟಿನಿಂದ ಬೇರೆಯಾಯಿತು. ಆ ಕೆಲಸ ಅವನ ಕೈತಪ್ಪಿತು. ಅವನು ಬಂದು ಬೈದ ಬೈಗುಳವನ್ನು ಅಮ್ಮ ಮಕ್ಕಳಿಗೆ ನಗುತ್ತಾ ಹೇಳುತ್ತಿದ್ದಳು, ಆದರೆ ಕಥೆ ಮುಗಿಯುವ ಹೊತ್ತಿಗೆ ನಗು ಇರುತ್ತಿರಲಿಲ್ಲ. "ಅರ್ಧ ಆಗಿರೋದು ಅರ್ಧ ಆಗಿರೋ ಹಾಗೇ ಕಾಣಬೇಕು ಕಣೆ. ಪೂರ್ತಿ ಆದ ಹಾಗೆ ಕಂಡ್ರೆ ಜನ ಅದನ್ನ ಹಾಕ್ಕೊಂಡು ಹೊರಟುಬಿಡ್ತಾರೆ."

ಮಗಳು ಪೆನ್ಸಿಲಿನ ಬೂದು ಗೆರೆ ಬಿಡದೇ ಇದ್ದುದು ಇದಕ್ಕೇ. ಅವಳ ಪ್ರೋಟೊಟೈಪುಗಳೂ ಬೂದು ಬಣ್ಣದವೇ. ತಲೆಯ ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು ಇರುತ್ತಿತ್ತು: ಇದು ಕರಡು, ಕೆಲಸ ಮಾಡುವುದಿಲ್ಲ.

ಈಗ ಅಮ್ಮನ ಕಣ್ಣಿನ ವಿಷಯ ಹೇಳಬೇಕು. ಎರಡು ವರ್ಷದಿಂದ ಅವಳ ಎಡಗಣ್ಣಿನ ಒತ್ತಡ ಏರುತ್ತಿತ್ತು. ಎದುರಿಗಿನದು ಸರಿಯಾಗಿ ಕಾಣುತ್ತದೆ, ಬದಿಯಲ್ಲಿರುವುದು ಒಂದೊಂದಾಗಿ ಮಾಯವಾಗುತ್ತದೆ. ಮೇಜಿನ ಎಡ ತುದಿಯಲ್ಲಿಟ್ಟ ಕತ್ತರಿಗಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ಕತ್ತು ಪೂರ್ತಿ ತಿರುಗಿಸಿದಾಗ ಅದು ಅಲ್ಲೇ ಇರುತ್ತಿತ್ತು. ಊರಿನ ಆಸ್ಪತ್ರೆಗೆ ಕಣ್ಣಿನ ತಜ್ಞರು ಬೇರೆ ಊರಿನಿಂದ ಬರುತ್ತಿದ್ದುದು ತಿಂಗಳಿಗೆ ಒಂದೇ ದಿನ, ಎರಡನೇ ಬುಧವಾರ. ಹೋದ ಸಲ ಹೊಸ ಹನಿಮದ್ದು ಕೊಟ್ಟು ಖಡಾಖಂಡಿತವಾಗಿ ಹೇಳಿದ್ದರು: ಮುಂದಿನ ತಿಂಗಳು ತಪ್ಪಿಸಬೇಡಿ, ಇದರಲ್ಲಿ ಒತ್ತಡ ಇಳಿಯದಿದ್ದರೆ ಮದ್ದು ಬದಲಾಯಿಸಬೇಕು, ಒಂದು ಸಲ ಹೋದ ನೋಟ ವಾಪಸ್ ಬರುವುದಿಲ್ಲ. ಆ ಮಾತನ್ನು ತಾಯಿ ಮಗಳು ಇಬ್ಬರೂ ಕೇಳಿದ್ದರು.

ಅದೇ ಆಸ್ಪತ್ರೆ, ಚೀಟಿ ಕಾಯ್ದಿರಿಸುವ ವೆಬ್‌ಸೈಟ್ ಬೇಕು ಎಂದು ಅದೇ ತಿಂಗಳು ಇವರ ಆಫೀಸಿಗೆ ಬಂತು. ಕೆಲಸ ಪೆನ್ಸಿಲಕ್ಕನ ಪಾಲಿಗೆ ಬಿತ್ತು. ಅವಳು ಕುಣಿಯುವುದೊಂದು ಬಾಕಿ.

ಮೂರು ದಿನ ಆಸ್ಪತ್ರೆಗೆ ಹೋಗಿ ರೋಗಿಗಳು ಕಾಯುವ ಹಾಲಿನಲ್ಲಿ ಕೂತಳು. ಕೌಂಟರಿನಲ್ಲಿ ಒಬ್ಬಳೇ ಹೆಂಗಸು. ಒಂದು ಕಿವಿಗೆ ಫೋನು, ಇನ್ನೊಂದು ಕಿವಿಗೆ ಎದುರಿಗಿದ್ದವರ ಗೋಳು. ಯಾರು ಏನು ಕೇಳುತ್ತಾರೆ, ಎಷ್ಟು ಸಲ ಕೇಳುತ್ತಾರೆ, ಎಲ್ಲಿ ತಬ್ಬಿಬ್ಬಾಗುತ್ತಾರೆ ಎಂದು ಎಲ್ಲ ಬರೆದುಕೊಂಡಳು. ಕೌಂಟರಿನವಳ ನಂಬರ್ ಇಸಕೊಂಡು ತನ್ನದನ್ನೂ ಕೊಟ್ಟಳು. ಆಮೇಲೆ ಎಂಟು ಹಾಳೆಗಳಲ್ಲಿ ಎಂಟು ಪುಟ. ಎಲ್ಲ ವೈದ್ಯರ ದಾರಿಯನ್ನೂ ಕರಡಿನಲ್ಲಿ ಕಟ್ಟುವುದು ದಂಡ, ಒಂದನ್ನು ಕಟ್ಟಿದರೆ ಸಾಕು. ಅವಳು ಕಟ್ಟಿದ್ದು ಕಣ್ಣಿನ ತಜ್ಞರದ್ದು. ಮನೆಯಲ್ಲಿ ದಿನಾ ಅದೇ ಮಾತಾಗಿದ್ದರಿಂದ ಕೈ ತಾನಾಗಿ ಅದನ್ನೇ ಬರೆಯಿತು.

ಮೊದಲ ಪರೀಕ್ಷೆ ಅಮ್ಮನ ಕತ್ತರಿ ಮೇಜಿನ ಮೇಲೆ, ಅಮ್ಮನ ಮೇಲೇ ನಡೆಯಿತು. ಅಮ್ಮ ಕಾಗದದ ಬಟನನ್ನು ಬೆರಳಿನಿಂದ ಒತ್ತಬೇಕು, ಮಗಳು ತಕ್ಷಣ ಆ ಹಾಳೆ ಎಳೆದು ಮುಂದಿನ ಹಾಳೆ ಇಡಬೇಕು. ಎಡಗಡೆ ಇದ್ದ ಬಟನ್ ಅಮ್ಮನಿಗೆ ಕಾಣಲೇ ಇಲ್ಲ. ಮಗಳು ರಬ್ಬರಿನಿಂದ ಅಳಿಸಿ ಮಧ್ಯಕ್ಕೆ ತಂದಳು, ಅಕ್ಷರ ದೊಡ್ಡದು ಮಾಡಿದಳು. ಕೊನೆಯ ಹಾಳೆಯಲ್ಲಿ ಒಂದು ಟೋಕನ್ ನಂಬರ್ ಬೇಕಿತ್ತು. ಆ ಕ್ಷಣಕ್ಕೆ ತೋಚಿದ್ದನ್ನು ಬರೆದಳು: ನಿಮ್ಮ ಭೇಟಿ ಖಚಿತವಾಗಿದೆ, ಎರಡನೇ ಬುಧವಾರ, ಟೋಕನ್ 27.

"ಇಪ್ಪತ್ತೇಳಾ?" ಅಮ್ಮ ಮನಸ್ಸಿನಲ್ಲೇ ಏನೋ ಗುಣಿಸಿದಳು. "ಹಾಗಾದ್ರೆ ಹನ್ನೊಂದಕ್ಕೆ ಹೋದ್ರೆ ಸಾಕು. ಬೆಳಗಾಗೆದ್ದು ಹೋಗಿ ಆ ಬೆಂಚಿನ ಮೇಲೆ ಕೂತು ಬೆನ್ನು ಮುರ್ಕೊಳ್ಳೋದು ತಪ್ಪಿತು. ಸಮಯಾನೂ ಬರೆದುಬಿಡು, ಜನಕ್ಕೆ ಅನುಕೂಲ."

ಒಳ್ಳೆಯ ಸಲಹೆ. ಮಗಳು ಕೆಳಗೆ ಸೇರಿಸಿದಳು: ಬೆಳಿಗ್ಗೆ 11.

ಕಂಪ್ಯೂಟರಿನಲ್ಲಿ ಬೂದು ಬಣ್ಣದ ಪ್ರೋಟೊಟೈಪ್ ತಯಾರಾದ ದಿನ ಮಾಲೀಕ ಬಂದು ಹಿಂದೆ ನಿಂತ. ಇವನಿಗೆ ಆಫೀಸಿನಲ್ಲಿ ಆಯ್ತಪ್ಪ ಎಂದೇ ಹೆಸರು. ಗಿರಾಕಿ ಏನು ಕೇಳಿದರೂ ಬಾಯಿಂದ ಬರುವ ಮೊದಲ ಮಾತು "ಆಯ್ತು ಸಾರ್, ಆಯ್ತು". ಆನೆಗೆ ರೆಕ್ಕೆ ಹಚ್ಚಿಕೊಡಿ ಎಂದರೂ ಆಯ್ತು, ನಾಳೆ ಬೆಳಿಗ್ಗೆಗೆ ಎಂದರೂ ಆಯ್ತು. ಆಯ್ತು ಎಂದವನು ಅವನು, ಮಾಡಬೇಕಾದವರು ಉಳಿದವರು.

"ಏನಮ್ಮ ಇದು, ಬೂದಿ ಬಳಿದ ಹಾಗಿದೆ. ಇದನ್ನ ಹಿಡ್ಕೊಂಡು ಆಡಳಿತಾಧಿಕಾರಿ ಮುಂದೆ ಹೋದ್ರೆ ನಾವು ಇಷ್ಟು ದಿನ ಮಣ್ಣು ತಿಂತಾ ಇದ್ವಾ ಅಂತ ಕೇಳ್ತಾರೆ."

"ಇದು ಕರಡು ಸಾರ್. ಹಾಗೇ ಕಾಣಬೇಕು."

"ಅವರಿಗೆ ಕರಡು ಗಿರಡು ಅರ್ಥ ಆಗಲ್ಲ. ನೀಲಿ ಬಣ್ಣ ಹಾಕಿ, ಆಸ್ಪತ್ರೆ ಲಾಂಛನ ಹಾಕಿ, ನಗ್ತಾ ಇರೋ ಒಬ್ಬ ಡಾಕ್ಟರ್ ಫೋಟೋ ಹಾಕಿ. ಆ ಮೇಲಿನ ಸಾಲು ಮೊದಲು ತೆಗೀರಿ. ಕೆಲಸ ಮಾಡುವುದಿಲ್ಲ ಅಂತ ನಮ್ಮ ಕೈಯಾರೆ ಯಾರಾದ್ರೂ ಬರ್ಕೊಳ್ತಾರಾ?"

ಮೆಂಡರ್ ಅವತ್ತು ಬಹಳ ಹೊತ್ತು ತಿರುಗಿತು. ಆದರೆ ಸತ್ಯವನ್ನು ಮುಚ್ಚಿಡಬಾರದು: ಮಧ್ಯಾಹ್ನ ಅವಳು ಬಣ್ಣ ಹಾಕಲು ಕೂತಳು, ಕೂತವಳಿಗೆ ಹುಕಿ ಬಂತು. ನೀಲಿ ಚೆನ್ನಾಗಿ ಕೂತಿತು. ಅಕ್ಷರ ಮುದ್ದಾಗಿ ಬಂದವು. ಒತ್ತಿದರೆ ಬಟನ್ ಒಂದಿಷ್ಟು ಒಳಗೆ ಹೋಗಿ ಹೊರಗೆ ಬರುವ ಹಾಗೆ ಮಾಡಿದಳು, ಅದನ್ನು ಯಾರೂ ಕೇಳಿರಲಿಲ್ಲ. ಸಂಜೆ ಎದ್ದು ದೂರ ನಿಂತು ನೋಡಿ, ಪರವಾಗಿಲ್ಲವಲ್ಲ ನಾನು ಎಂದುಕೊಂಡಳು. ಮೇಲಿನ ಸಾಲನ್ನು ಅಳಿಸಿದ್ದು ಅವಳದೇ ಬೆರಳು.

ಆಸ್ಪತ್ರೆಯ ಆಡಳಿತಾಧಿಕಾರಿ ತಮ್ಮ ಮೊಬೈಲಿನಲ್ಲಿ ಒತ್ತುತ್ತಾ ಹೋದರು. ನಗುವ ಡಾಕ್ಟರ್ ಬಂದ, ತಾರೀಖು ಬಂತು, ಟೋಕನ್ ಬಂತು. ಅವರ ಮುಖ ಅರಳಿತು. "ಅರೆ, ಎಲ್ಲಾ ಮುಗಿದೇ ಹೋಗಿದೆಯಲ್ಲ."

"ಆಯ್ತು ಸಾರ್," ಎಂದ ಆಯ್ತಪ್ಪ.

"ಇಲ್ಲ ಸಾರ್, ಇದು ಬರೀ ತೋರಿಸೋದಕ್ಕೆ," ಎಂದು ಪೆನ್ಸಿಲಕ್ಕ ಬಾಯಿ ತೆರೆದಳು. ಆಯ್ತಪ್ಪ ಅವಳ ಮಾತಿನ ಮೇಲೆ ತನ್ನ ಮಾತು ಹಾಸಿದ: "ಸಣ್ಣಪುಟ್ಟ ಕೆಲಸ ಇದೆ ಅಂತಾರೆ ಸಾರ್, ನಮ್ಮ ಮೇಡಂಗೆ ಎಲ್ಲಾ ಅಚ್ಚುಕಟ್ಟಾಗಿರಬೇಕು." ಆಡಳಿತಾಧಿಕಾರಿ ನಕ್ಕರು. ಅವಳು ಮತ್ತೆ ತಿದ್ದಲು ಹೋಗಲಿಲ್ಲ. ಹೊರಗೆ ಬಂದ ಮೇಲೆ ರೇಗಿದಾಗ ಆಯ್ತಪ್ಪ, ಕೋಡ್ ಬರೆಯುವ ಮೌನಿ ಒಂದು ವಾರದಲ್ಲಿ ಹಿಂದಿನ ಭಾಗ ಕಟ್ಟುತ್ತಾನೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಅವಳನ್ನು ಹೆಂಚಿನ ಅಂಗಡಿಯೊಂದರ ವೆಬ್‌ಸೈಟ್ ಕೆಲಸಕ್ಕೆ ಹಾಕಿದ. ಮೌನಿಯನ್ನೂ ಅದೇ ಹೆಂಚಿನ ಕೆಲಸಕ್ಕೆ ಹಾಕಿದ್ದಾನೆ ಎಂದು ಅವಳಿಗೆ ಗೊತ್ತಾದದ್ದು ನಾಲ್ಕು ದಿನದ ಮೇಲೆ. ಕೇಳಿದ್ದಕ್ಕೆ, ಆಸ್ಪತ್ರೆಯವರಿಗೇನೂ ಅವಸರವಿಲ್ಲ ಎಂದ. ಅವಸರವಿಲ್ಲದೆ ಇದ್ದುದು ಯಾಕೆ ಎಂದು ಅವಳು ಕೇಳಬೇಕಿತ್ತು. ಕೇಳಲಿಲ್ಲ.

ಮಂಗಳವಾರ ಸಂಜೆ ಅಮ್ಮನಿಗೆ ನೆನಪಿಸಿದಳು. "ನಾಳೆ ಕಣ್ಣಿನ ಡಾಕ್ಟ್ರು. ಬುಕ್ ಮಾಡಿದ್ದೀಯ ತಾನೆ? ಇಲ್ಲಾಂದ್ರೆ ಕೌಂಟರ್‌ನವಳಿಗೆ ಫೋನ್ ಮಾಡ್ತೀನಿ."

"ಹೋದ ವಾರವೇ ಮಾಡಾಯ್ತು. ಎರಡೇ ನಿಮಿಷ," ಎಂದು ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಯಾಕೆ ನಗು ಎಂದರೆ ಹೇಳಲಿಲ್ಲ. "ನೀನು ಆಫೀಸಿಗೆ ಹೋಗು, ನಾನೊಬ್ಬಳೇ ಹೋಗಿ ಬರ್ತೀನಿ. ಆಮೇಲೆ ಹೇಳ್ತೀನಿ."

ಬುಧವಾರ ಬೆಳಿಗ್ಗೆ ಅವಳು ಆಫೀಸಿನ ಮೆಟ್ಟಿಲು ಹತ್ತುತ್ತಿರುವಾಗಲೇ ಫೋನ್ ಬಂತು. ಕೌಂಟರಿನವಳು. ಹಿಂದೆ ಸಂತೆಯ ಗದ್ದಲ.

"ಮೇಡಂ, ಇಪ್ಪತ್ತೇಳು ನಂಬರ್ ಎಷ್ಟು ಜನಕ್ಕೆ ಕೊಟ್ಟಿದ್ದೀರಿ ನೀವು?"

ಏನಾಗಿದೆ ಎಂದು ಪೆನ್ಸಿಲಕ್ಕ ಕೇಳಲೇ ಇಲ್ಲ. ಕೇಳುವ ಅಗತ್ಯವಿರಲಿಲ್ಲ. ಹತ್ತಿದ ಮೆಟ್ಟಿಲನ್ನು ಇಳಿದು ಓಡಿದಳು.

ಹಾಲಿನ ಬಾಗಿಲಿಗೆ ಒಂದು ಫಲಕ ಅಂಟಿಸಿದ್ದರು: ಇನ್ನು ಮುಂದೆ ಕಣ್ಣಿನ ತಜ್ಞರ ಚೀಟಿಯನ್ನು ಫೋನಿನಲ್ಲಿ ಕಾಯ್ದಿರಿಸಲಾಗುವುದಿಲ್ಲ, ವೆಬ್‌ಸೈಟ್ ಬಳಸಿ. ಕೆಳಗೆ ಅವಳ ಪ್ರೋಟೊಟೈಪಿನ ವಿಳಾಸ. ಒಳಗೆ ನಲವತ್ತು ಐವತ್ತು ಜನ, ಬಹುಪಾಲು ವಯಸ್ಸಾದವರು, ಹಲವರ ಕಣ್ಣಿಗೆ ಹಸಿರು ಪಟ್ಟಿ. ಒಬ್ಬೊಬ್ಬರ ಕೈಯಲ್ಲೂ ಮೊಬೈಲು, ಒಂದೊಂದು ಮೊಬೈಲಿನಲ್ಲೂ ನಗುವ ಡಾಕ್ಟರ್, ಟೋಕನ್ 27. ನನ್ನ ನಂಬರನ್ನು ನೀನು ಹೇಗೆ ತೆಗೆದುಕೊಂಡೆ ಎಂದು ಒಬ್ಬ ಮುದುಕ ಇನ್ನೊಬ್ಬ ಮುದುಕನ ಎದೆಗೆ ಬೆರಳು ಚುಚ್ಚುತ್ತಿದ್ದ. ಕಣ್ಣು ಕಾಣದ ತಂದೆಯನ್ನು ಕೈಹಿಡಿದು ತಂದಿದ್ದ ಹೆಂಗಸೊಬ್ಬಳು ಎರಡು ಬಸ್ ಬದಲಾಯಿಸಿ ಬಂದಿದ್ದೇನೆ ಎಂದು ಗೋಡೆಗೆ ಹೇಳುತ್ತಿದ್ದಳು. ಕೌಂಟರಿನವಳ ಕಂಪ್ಯೂಟರಿನಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಇರುವುದಕ್ಕೆ ಸಾಧ್ಯವೇ ಇರಲಿಲ್ಲ.

ಅವಳು ಆಯ್ತಪ್ಪನಿಗೆ ಫೋನ್ ಮಾಡಿದಳು.

"ಗೊತ್ತು ಗೊತ್ತು," ಎಂದ ಅವನು. "ಅವರೇ ಫಲಕ ಹಾಕ್ಕೊಂಡಿದ್ದು. ನೋಡಿಕೊಳ್ಳಿ ಅಂತ ವಿಳಾಸ ಕಳಿಸಿದ್ದೆ, ಅವರು ಜನಕ್ಕೇ ಕೊಟ್ಟುಬಿಟ್ಟರು. ಆಮೇಲೆ ಬೇಡ ಅನ್ನೋಕಾಗುತ್ತಾ? ಹನ್ನೊಂದು ದಿನದಿಂದ ಓಡ್ತಾ ಇದೆಯಮ್ಮ, ಒಬ್ಬರಾದ್ರೂ ದೂರು ಹೇಳಿದ್ದಾರಾ?"

ಹನ್ನೊಂದು ದಿನ. ಇವನಿಗೆ ಹನ್ನೊಂದು ದಿನದಿಂದ ಗೊತ್ತಿತ್ತು. ಹೇಗೆ ದೂರು ಹೇಳುತ್ತಾರೆ? ಎಲ್ಲರಿಗೂ ಭೇಟಿ ಖಚಿತವಾಗಿತ್ತಲ್ಲ. ಅವಳ ಕಿವಿ ಕಾದ ಹೆಂಚಾಯಿತು.

"ಸರ್ವರ್ ಸಮಸ್ಯೆ ಅಂತ ಹೇಳಿ ಕಳಿಸಿ ಅವರನ್ನ. ಸಾಯಂಕಾಲ ನಾನು ಸಾರ್ ಹತ್ರ ಮಾತಾಡ್ತೀನಿ."

ಅವಳು ಫೋನ್ ಕತ್ತರಿಸಿದಳು. ಮೌನಿಗೆ ಮಾಡಿ ಆ ಪುಟವನ್ನು ಈಗಿಂದೀಗಲೇ ತೆಗೆದುಹಾಕು ಎಂದಳು. ಸಾರನ್ನು ಕೇಳಬೇಕು ಅಕ್ಕ, ಎಂದು ಅವನು ಗೊಣಗಿದ. "ಸಾರ್ ಮನೆ ಹಾಳಾಯ್ತು, ತೆಗಿ ಅಂದ್ರೆ ತೆಗಿ." ಅವನು ತೆಗೆದ. ಆಮೇಲೆ ಅವಳು ಕೌಂಟರಿನ ಪಕ್ಕದ ಕುರ್ಚಿ ಎಳೆದು ಮೇಲೆ ಹತ್ತಿದಳು. ಜೀವಮಾನದಲ್ಲಿ ನಾಲ್ಕು ಜನರೆದುರು ಮಾತಾಡದ ಹೆಂಗಸು.

"ಕೇಳಿ. ಈ ಇಪ್ಪತ್ತೇಳು ನಾನು ಬರೆದದ್ದು. ಇದು ಸುಳ್ಳು ನಂಬರ್. ನಿಮ್ಮಲ್ಲಿ ಯಾರೂ ಯಾರದ್ದನ್ನೂ ಕದ್ದಿಲ್ಲ. ನಿಮ್ಮ ಹೆಸರು ಯಾರಿಗೂ ತಲುಪಿಲ್ಲ."

ಬೈಗುಳ ಶುರುವಾಯಿತು. ಮನೆಯಲ್ಲಿ ಅಪ್ಪ ಅಮ್ಮ ಇಲ್ಲವೇನಮ್ಮ ನಿನಗೆ ಎಂದ ಒಬ್ಬ. ಆಟ ಆಡೋಕೆ ನಮ್ಮ ಕಣ್ಣೇ ಬೇಕಿತ್ತಾ ಎಂದಳು ಎರಡು ಬಸ್ಸಿನವಳು. ಪೆನ್ಸಿಲಕ್ಕ ಎಲ್ಲವನ್ನೂ ತಲೆ ತಗ್ಗಿಸದೆ ಕೇಳಿದಳು. ಬೈಯುವುದು ಅವರ ಹಕ್ಕು ಎನ್ನಿಸಿತು. ಬೈಗುಳ ಬೀಳಬೇಕಾದ ಇನ್ನೊಬ್ಬ ಗಾಜಿನ ಅಂಗಡಿಯ ಮೇಲೆ ತಣ್ಣಗೆ ಕೂತಿದ್ದಾನಲ್ಲ ಎಂದು ಹೊಟ್ಟೆ ಉರಿಯಿತು.

ತಜ್ಞರು ಒಂದು ದಿನಕ್ಕೆ ನೋಡುತ್ತಿದ್ದುದು ಮೂವತ್ತು ಜನರನ್ನು. ಕೌಂಟರಿನವಳು ಒಳಗೆ ಹೋಗಿ ವಿಷಯ ಹೇಳಿದ ಮೇಲೆ, ನಾಲ್ಕು ಗಂಟೆಯ ಗಾಡಿಗೆ ಹೊರಡಲೇಬೇಕು, ಊಟ ಬಿಟ್ಟು ಎಷ್ಟಾಗುತ್ತದೋ ಅಷ್ಟು ನೋಡುತ್ತೇನೆ ಎಂದರಂತೆ. ಪೆನ್ಸಿಲಕ್ಕ ಚೀಲದಿಂದ ಕರಡು ಹಾಳೆಗಳನ್ನು ತೆಗೆದು ಹರಿದು ಚೀಟಿ ಮಾಡಿದಳು. ಬಂದ ಸರದಿಯಲ್ಲೇ ನಂಬರ್, ಯಾರನ್ನೂ ಹಾರಿಸುವುದಿಲ್ಲ, ಯಾರ ಶಿಫಾರಸೂ ಇಲ್ಲ ಎಂದು ಕೂಗಿ ಹೇಳಿದಳು. ಒಂದು, ಎರಡು, ಮೂರು. ಎರಡು ಬಸ್ಸಿನವಳ ತಂದೆಗೆ ಒಂಬತ್ತು. ಬೆಳಿಗ್ಗೆ ಎಂಟಕ್ಕೇ ಬಂದವರೆಲ್ಲ, ಈ ಮೊಬೈಲ್ ಗಿಬೈಲ್ ನಂಬಿ ಕೂರಲಾಗುತ್ತದೆಯೇ ಎಂದುಕೊಂಡವರು. ಅವರ ಕೈಗೆ ಸಣ್ಣ ನಂಬರುಗಳು ಹೋದವು. ಹತ್ತೂವರೆ ದಾಟಿದ ಮೇಲೆ ಬೇರೆ ಥರದ ಜನ ಬರಲು ಶುರುವಾದರು: ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿ, ಹೊತ್ತಿಗೆ ಸರಿಯಾಗಿ, ನೆಮ್ಮದಿಯಿಂದ. ನಂಬಿದವರು ಇವರು. ಇವರಿಗೆ ಉಳಿದದ್ದು ಐವತ್ತರ ಮೇಲಿನ ಚೀಟಿಗಳು. ಒಂದೊಂದು ಚೀಟಿ ಬರೆಯುವಾಗಲೂ ಪೆನ್ಸಿಲ್ ಮೊನೆ ಮುರಿಯುವಷ್ಟು ಒತ್ತುತ್ತಿದ್ದಳು.

ಎದುರಿಗೆ ಇನ್ನೊಂದು ಕೈ ಬಂತು, ಮೊಬೈಲ್ ಚಾಚಿಕೊಂಡು.

"ಅದು ಸುಳ್ಳು ನಂಬರಮ್ಮ," ಎಂದಳು ತಲೆ ಎತ್ತದೆ. ಅಷ್ಟು ಹೊತ್ತಿಗೆ ಆ ಮಾತು ನಾಲಿಗೆಗೆ ಪಾಠವಾಗಿಹೋಗಿತ್ತು. "ತಗೊಳ್ಳಿ, ಅರವತ್ತಮೂರು."

ಚೀಟಿ ಹಿಡಿದ ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಚರ್ಮ. ಅವಳು ತಲೆ ಎತ್ತಿದಳು. ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಚೀಲವನ್ನು ತೋಳಿಗೆ ಸಿಕ್ಕಿಸಿಕೊಂಡು ನಿಂತಿದ್ದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ.

"ಹೋದ ವಾರ ಫೋನ್ ಮಾಡಿದ್ರೆ ವೆಬ್‌ಸೈಟ್ ನೋಡಿ ಅಂದ್ರು," ಎಂದಳು ಅಮ್ಮ ನಿಧಾನವಾಗಿ. "ನೋಡಿದ್ರೆ ನಿಂದೇ. ಬಟನ್ ಮಧ್ಯದಲ್ಲೇ ಇತ್ತು. ನಿನಗೆ ಆಮೇಲೆ ಹೇಳೋಣ, ಖುಷಿ ಪಡ್ತೀಯ ಅಂತ ಸುಮ್ಮನಿದ್ದೆ. ಆವತ್ತು ಕಾಗದದಲ್ಲೂ ಇಪ್ಪತ್ತೇಳೇ ಇತ್ತಲ್ಲ. ನನಗೇ ಅಂತ ಇಟ್ಟಿದ್ದೀಯ ಅಂದ್ಕೊಂಡೆ."

ಕೌಂಟರಿನವಳು ಪೆನ್ಸಿಲಕ್ಕನ ಕಿವಿಯ ಹತ್ತಿರ ಬಾಗಿದಳು. "ಹದಿನೆಂಟರವರು ಬೇಸತ್ತು ಮನೆಗೆ ಹೋದ್ರು ಮೇಡಂ. ಅವರ ಚೀಟಿ ನನ್ನ ಹತ್ರ ಇದೆ. ಅಮ್ಮನಿಗೆ ಕೊಟ್ಟುಬಿಡಿ, ಯಾರಿಗೆ ಗೊತ್ತಾಗುತ್ತೆ."

ಕೌಂಟರಿನವಳ ಎರಡು ಬೆರಳುಗಳ ನಡುವೆ ಆ ಚೀಟಿ. ಎದುರಿಗೆ ಅಮ್ಮನ ಎಡಗಣ್ಣು. ಹಿಂದೆ ಕೂತವರು, ಹಾರಿಸುವುದಿಲ್ಲ ಎಂದು ಕೂಗಿದ್ದನ್ನು ನಂಬಿ ಕೂತವರು. ಪೆನ್ಸಿಲಕ್ಕ ಚೀಟಿ ತೆಗೆದುಕೊಂಡಳು. ತೆಗೆದುಕೊಂಡಳು ಎಂಬುದನ್ನೂ ಹೇಳಲೇಬೇಕು. ಅಮ್ಮನ ಕೈಗೆ ಇಡಲು ಹೋದಳು.

ಅಮ್ಮ ಅದನ್ನು ಮುಟ್ಟಲಿಲ್ಲ. ಅವಳಿಗೂ ಮೂಗಿನ ತುದಿಯಲ್ಲೇ ಕೋಪ, ಮಗಳಿಗೆ ಬಂದದ್ದು ಎಲ್ಲಿಂದ ಮತ್ತೆ. "ನನಗೆ ಇನ್ನೊಂದು ಸುಳ್ಳು ನಂಬರ್ ಬೇಡ," ಎಂದಳು, ಹಾಲಿಗೆಲ್ಲ ಕೇಳುವ ಹಾಗೆ. "ಬಿಳಿ ದಾರ ಯಾಕೆ ಬಿಚ್ಚಿದೆ ನೀನು?"

ಹಾಲಿನಲ್ಲಿದ್ದ ಯಾರಿಗೂ ಆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾದವಳಿಗೆ ಆಯಿತು. ಅಮ್ಮ ಅರವತ್ತಮೂರನ್ನು ಹಿಡಿದು ಹಿಂದಿನ ಬೆಂಚಿಗೆ ಹೋಗಿ ಕೂತಳು. ಹದಿನೆಂಟು, ಮುಂದಿನ ಸರದಿಯವರಿಗೆ ಹೋಯಿತು.

ತಜ್ಞರು ಗಾಡಿ ಹಿಡಿಯಲು ಹೊರಟಾಗ ನೋಡಿದ್ದು ನಲವತ್ತನಾಲ್ಕು ಜನರನ್ನು. ಉಳಿದವರ ಹೆಸರನ್ನು ಪೆನ್ಸಿಲಕ್ಕ ಹಾಳೆಯ ಮೇಲೆ ಬರೆದು, ಮುಂದಿನ ತಿಂಗಳು ಮೊದಲ ಸರದಿ ಇವರದೇ ಎಂದು ಕೌಂಟರಿನವಳ ಸಹಿ ಹಾಕಿಸಿ ಗೋಡೆಗೆ ಅಂಟಿಸಿದಳು. ಬಾಗಿಲಿನ ಫಲಕವನ್ನು ಉಗುರಿನಿಂದ ಕೆರೆದು ಕೆರೆದು ಕಿತ್ತಳು. ಕೌಂಟರಿನವಳು ಈ ವಾರ ವಯರು ಸುತ್ತಿ ಡ್ರಾಯರಿಗೆ ಹಾಕಿದ್ದ, ಕಣ್ಣಿನ ಚೀಟಿಯ ಫೋನನ್ನು ತೆಗೆದು ಮತ್ತೆ ಸಿಕ್ಕಿಸಿದಳು. ಸಿಕ್ಕಿಸಿದ ಮರುಕ್ಷಣ ಅದು ಬಡಿದುಕೊಳ್ಳತೊಡಗಿತು. ತಾಯಿ ಮಗಳು ಮನೆಗೆ ನಡೆದು ಹೋದರು. ರಸ್ತೆ ದಾಟುವಾಗ ಮಗಳು ಅಮ್ಮನ ಎಡಗಡೆಗೆ ಬಂದಳು.

ಮರುದಿನ ಆಯ್ತಪ್ಪ ಅವಳನ್ನು ಕರೆದು ಕೂರಿಸಿದ.

"ಕುರ್ಚಿ ಹತ್ತಿ ಭಾಷಣ ಮಾಡೋಕೆ ನಿಮಗೆ ಯಾರಮ್ಮ ಹೇಳಿದ್ದು? ಆಡಳಿತಾಧಿಕಾರಿ ನನ್ನ ಮಾನ ಕಳೆದರು. ಒಂದು ಮಾತು ಸರ್ವರ್ ಅಂದಿದ್ರೆ ಮುಗಿದುಹೋಗ್ತಿತ್ತು. ಅಷ್ಟಕ್ಕೂ ಬಣ್ಣ ಹಾಕಿದ್ದು ಯಾರು, ನಾನಾ?"

"ನಾನೇ," ಎಂದಳು ಪೆನ್ಸಿಲಕ್ಕ. "ಅದಕ್ಕೇ ಇಷ್ಟು ಉರೀತಿರೋದು. ನಿಮಗೆ ಅದೂ ಇಲ್ಲ. ಹನ್ನೊಂದು ದಿನ ನೀವು ಊಟ ಮಾಡಿದ್ದೀರಿ, ನಿದ್ದೆ ಮಾಡಿದ್ದೀರಿ. ದಿನಾ ಏಳೆಂಟು ಕುರುಡರಿಗೆ ನಾನು ಬರೆದ ಸುಳ್ಳನ್ನ ಹಂಚಿದ್ದೀರಿ."

"ನೋಡಿ, ಕೋಪದಲ್ಲಿ ಏನೇನೋ..."

ಅವಳು ಎದ್ದು ತನ್ನ ಮೇಜಿಗೆ ಹೋಗಿ ಡ್ರಾಯರ್ ಎಳೆದು, ಗಿಡ್ಡ ಪೆನ್ಸಿಲುಗಳ ಡಬ್ಬಿ ತಂದು ಅವನ ಮೇಜಿನ ಮೇಲೆ ಬೋರಲು ಹಾಕಿದಳು. ಹದಿನೆಂಟು ವರ್ಷದ ತುಂಡುಗಳು ಉರುಳಿ ಅವನ ಮಡಿಲಿಗೂ ಬಿದ್ದವು. "ಇವೆಲ್ಲ ನಿಮ್ಮ ಸಂಪಾದನೆ. ಇಟ್ಕೊಳ್ಳಿ." ಮೆಂಡರನ್ನು ಮಾತ್ರ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಮತ್ತೆ ಹತ್ತಲಿಲ್ಲ.

ಮುಂದಿನ ಎರಡನೇ ಬುಧವಾರ ಅಮ್ಮನ ಕಣ್ಣು ನೋಡಿದ ತಜ್ಞರು, ಎಡಬದಿಯ ನೋಟ ಇನ್ನಷ್ಟು ಕಿರಿದಾಗಿದೆ ಎಂದರು. ಆ ಒಂದು ತಿಂಗಳಿನಿಂದಲೇ ಹೀಗಾಯಿತೇ ಎಂದು ಮಗಳು ಕೇಳಿದಳು. "ಹೇಳೋಕಾಗಲ್ಲಮ್ಮ. ಹೋದ ಸಲ ನೋಡಿದ್ದಿದ್ರೆ ಮದ್ದು ಆವಾಗಲೇ ಬದಲಾಯಿಸ್ತಿದ್ದೆ, ಅಷ್ಟು ಮಾತ್ರ ಹೇಳಬಲ್ಲೆ," ಎಂದರು ಅವರು. ಹೌದು ಎಂದಿದ್ದರೆ ಒಂದು ಥರ, ಇಲ್ಲ ಎಂದಿದ್ದರೆ ಇನ್ನೊಂದು ಥರ. ಈ ಉತ್ತರವನ್ನು ಎಲ್ಲಿಡುವುದು ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಈಗ ಅವಳು ಅಮ್ಮನ ಮುಂದಿನ ಕೋಣೆಯಲ್ಲೇ ಕೂತು ಸ್ವಂತ ಕೆಲಸ ಮಾಡುತ್ತಾಳೆ, ಕತ್ತರಿ ಮೇಜಿನ ಒಂದು ತುದಿಯಲ್ಲಿ. ಅವಳ ಕರಡುಗಳ ನಾಲ್ಕೂ ಅಂಚಿಗೆ ಬೂದು ಪಟ್ಟಿ, ಅದರ ಮೇಲೆ ಬಿಳಿ ಟಾಕುಗಳ ಗೆರೆ. ಅದನ್ನು ತೆಗೆದುಕೊಡಿ ಎಂದ ಗಿರಾಕಿಗೆ ಬಾಗಿಲು ತೋರಿಸುತ್ತಾಳೆ. ಟೋಕನ್ ಬರೆಯಬೇಕಾದ ಜಾಗದಲ್ಲಿ ಬರೀ ಸೊನ್ನೆ ಹಾಕುತ್ತಾಳೆ. ಪರೀಕ್ಷೆಗೆ ಈಗಲೂ ಅಮ್ಮನೇ. ಅಮ್ಮ ಕತ್ತನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಬೆರಳಿನಿಂದ ಅಂಚನ್ನೆಲ್ಲ ಸುತ್ತಿ, ದಾರ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ಬಟನ್ ಒತ್ತುತ್ತಾಳೆ.

ಆಸ್ಪತ್ರೆಗೂ ಬೇರೆ ಯಾರೋ ಸರಿಯಾದ ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ಅದು ನಿಜವಾಗಿಯೂ ಕೆಲಸ ಮಾಡುತ್ತದೆ. ತಿಂಗಳಿಗೊಮ್ಮೆ ಅಮ್ಮ ಅದರಲ್ಲಿ ಚೀಟಿ ಕಾಯ್ದಿರಿಸುತ್ತಾಳೆ. ಆಮೇಲೆ ಮೊಬೈಲನ್ನು ಮಗಳ ಮುಂದೆ ಇಡುತ್ತಾಳೆ. "ಇದರಲ್ಲಿ ದಾರ ಕಾಣ್ತಿಲ್ಲ. ನಿಜವಾದದ್ದಾ ಅಂತ ಫೋನ್ ಮಾಡಿ ಕೇಳು." ಮಗಳು ಹಲ್ಲು ಕಚ್ಚಿ ಕೌಂಟರಿಗೆ ಫೋನ್ ಮಾಡುತ್ತಾಳೆ. ನಿಜವಾದದ್ದೇ ಮೇಡಂ, ಅಮ್ಮನದು ಮೂವತ್ತನೇ ನಂಬರ್, ಹನ್ನೊಂದೂವರೆಗೆ ಬಂದರೆ ಸಾಕು ಎನ್ನುತ್ತಾಳೆ ಅವಳು. ಮಗಳು ಅದನ್ನು ಅಮ್ಮನಿಗೆ ಹೇಳುತ್ತಾಳೆ. ಅಮ್ಮ ಹೂಂ ಎನ್ನುತ್ತಾಳೆ. ಬುಧವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಆ ಬೆಂಚಿನ ಮೇಲೆ ಕೂರುತ್ತಾಳೆ.